ಆಣಿಯೆಂದು ನಾನು ಹೆರೆದದ್ದು ನರಹುಲಿಯನ್ನು

ಬಲ ಅಂಗಾಲಿನಲ್ಲಿ, ಹೆಬ್ಬೆರಳ ಬುಡದ ಉಬ್ಬಿನ ಮೇಲೆ, ಅಂಗಿಯ ಗುಂಡಿಯಷ್ಟು ಅಗಲದ ಗಟ್ಟಿ ಚರ್ಮ ಕಾಣಿಸಿಕೊಂಡಾಗ ನಾನು ಅದನ್ನು ಆಣಿಯೆಂದೇ ತಿಳಿದೆ. ನಡೆಯುವಾಗ ಚಪ್ಪಲಿಯೊಳಗೆ ಹರಳು ಸಿಕ್ಕಿಕೊಂಡಂತೆ ಒತ್ತುತ್ತಿತ್ತು. ಸ್ನಾನವಾದ ಮೇಲೆ ಚರ್ಮ ಮೆತ್ತಗಾಗಿರುವಾಗ ಬ್ಲೇಡಿನಿಂದ ಅದನ್ನು ಹೆರೆಯುವ ಅಭ್ಯಾಸ ಮಾಡಿಕೊಂಡೆ. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಅದರ ಸುತ್ತ ಇನ್ನೂ ಮೂರು ಸಣ್ಣ ಗಂಟುಗಳು ಎದ್ದವು. ಆಗ ಹೋಗಿ ತೋರಿಸಿದಾಗ, ಚರ್ಮವೈದ್ಯರು ಮೇಲ್ಪದರವನ್ನು ತುಸು ಕೆರೆದು ನೋಡಿ, ಇದು ಆಣಿಯಲ್ಲ, ನರಹುಲಿ ಎಂದರು.

ಅವರು ಅಂದು ತೋರಿಸಿಕೊಟ್ಟ ಗುರುತುಗಳು ಮೊದಲೇ ಗೊತ್ತಿದ್ದರೆ ಆ ನಾಲ್ಕು ತಿಂಗಳು ಉಳಿಯುತ್ತಿತ್ತು. ಬೆರಳಚ್ಚಿನಂತೆಯೇ ಅಂಗಾಲಿನಲ್ಲೂ ಸೂಕ್ಷ್ಮವಾದ ಗೆರೆಗಳಿರುತ್ತವೆ; ಆಣಿ ಮತ್ತು ಜಡ್ಡುಗಟ್ಟಿದ ಚರ್ಮದ ಮೇಲೆ ಅವು ಸಾಮಾನ್ಯವಾಗಿ ಹಾಗೆಯೇ ಮುಂದುವರಿದರೆ, ನರಹುಲಿಯ ಅಂಚಿಗೆ ಬಂದು ನಿಂತು, ಅದನ್ನು ಬಳಸಿಕೊಂಡು ಹೋಗುತ್ತವೆ. ಎರಡನೆಯದು, ಒಳಗೆ ಕಾಣುವ ಕಪ್ಪು ಚುಕ್ಕೆಗಳು. ಅನೇಕರು ಇವುಗಳನ್ನು ಬೇರು ಎನ್ನುತ್ತಾರೆ. ನಿಜದಲ್ಲಿ ಅವು ರಕ್ತ ಹೆಪ್ಪುಗಟ್ಟಿದ ಅತಿ ಸಣ್ಣ ರಕ್ತನಾಳಗಳು. ನರಹುಲಿ ಚರ್ಮದ ಮೇಲ್ಪದರದಲ್ಲಷ್ಟೇ ಬೆಳೆಯುವುದರಿಂದ ಅದಕ್ಕೆ ಬೇರೆಂಬುದೇ ಇಲ್ಲ, ಆದ್ದರಿಂದ ಬೇರು ಕೀಳುತ್ತೇವೆಂದು ಆಳವಾಗಿ ಅಗೆಯುವುದರಿಂದ ಗಾಯವಾಗುತ್ತದೆಯೇ ಹೊರತು ಪ್ರಯೋಜನವಿಲ್ಲ. ಮೂರನೆಯ ಗುರುತು ನೋವಿನದು: ಆಣಿಯನ್ನು ಮೇಲಿನಿಂದ ನೇರವಾಗಿ ಒತ್ತಿದರೆ ಹೆಚ್ಚು ನೋಯುತ್ತದೆ, ನರಹುಲಿಯಾದರೋ ಎರಡು ಬದಿಯಿಂದ ಹಿಂಡಿದಾಗ ಹೆಚ್ಚು ನೋಯುತ್ತದೆ.

ನರಹುಲಿಗೆ ಕಾರಣ ಹ್ಯೂಮನ್ ಪ್ಯಾಪಿಲೋಮಾ ವೈರಸ್. ವೈರಸ್ಸಿನ ಈ ಬಳಗದಲ್ಲಿ ನೂರಕ್ಕೂ ಹೆಚ್ಚು ಬಗೆಗಳಿದ್ದು, ಅಂಗಾಲಿನಲ್ಲಿ ಹೆಚ್ಚಾಗಿ ಕಾಣುವವು 1, 2, 4, 27 ಮತ್ತು 57ನೆಯವು. ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣವಾಗುವ ಬಗೆಗಳೇ ಬೇರೆ ಎಂಬುದನ್ನು ಹೆದರುವವರಿಗಾಗಿ ಹೇಳುತ್ತಿದ್ದೇನೆ. ಈಜುಕೊಳದ ಅಂಚು, ಹಲವರು ಬಳಸುವ ಸ್ನಾನಗೃಹ ಮೊದಲಾದ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಡೆದಾಗ, ಪಾದದ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕಿನ ಮೂಲಕ ವೈರಸ್ ಒಳಸೇರಬಹುದು. ನನ್ನ ಬ್ಲೇಡು ಅಂಥ ಬಿರುಕುಗಳನ್ನು ದಿನವೂ ಹೊಸದಾಗಿ ಮಾಡಿಕೊಡುತ್ತಿತ್ತು.

ಮಕ್ಕಳಲ್ಲಿ ಬಹಳಷ್ಟು ನರಹುಲಿಗಳು ಒಂದೆರಡು ವರ್ಷದಲ್ಲಿ ತಾವಾಗಿಯೇ ಮಾಯವಾಗುತ್ತವೆ. ದೊಡ್ಡವರಲ್ಲಿ ಹೆಚ್ಚು ಕಾಲ ಹಿಡಿಯುತ್ತದೆ. ನನಗೆ ಹೇಳಿದ್ದು ಸ್ಯಾಲಿಸಿಲಿಕ್ ಆಮ್ಲದ ಲೇಪ. ರಾತ್ರಿ ಪಾದವನ್ನು ಐದರಿಂದ ಹತ್ತು ನಿಮಿಷ ಬೆಚ್ಚಗಿನ ನೀರಿನಲ್ಲಿ ನೆನೆಸಿ, ಬಿಳಿಚಿದ ಸತ್ತ ಚರ್ಮವನ್ನು ಉಜ್ಜುಪಟ್ಟಿಯಿಂದ (ಉಗುರು ಉಜ್ಜುವಂಥ ಒರಟು ಪಟ್ಟಿ) ಮೆಲ್ಲಗೆ ತೆಗೆದು, ಸುತ್ತಲಿನ ಒಳ್ಳೆಯ ಚರ್ಮಕ್ಕೆ ವ್ಯಾಸಲೀನ್ ಸವರಿ, ಗಂಟಿನ ಮೇಲಷ್ಟೇ ಔಷಧಿ ಹಚ್ಚಿ, ಒಣಗಿದ ನಂತರ ಪಟ್ಟಿ ಅಂಟಿಸಬೇಕು. ಆ ಉಜ್ಜುಪಟ್ಟಿಯನ್ನು ಬೇರೆ ಕಡೆಯ ಚರ್ಮಕ್ಕಾಗಲಿ ಉಗುರಿಗಾಗಲಿ ತಾಗಿಸಬಾರದು, ಮನೆಯ ಇನ್ನೊಬ್ಬರು ಅದನ್ನು ಬಳಸಲೂ ಬಾರದು. ಚರ್ಮ ಉರಿದು ಕೆಂಪಾದರೆ ಎರಡು ಮೂರು ದಿನ ಬಿಟ್ಟು ಮತ್ತೆ ಹಚ್ಚಬೇಕು. ಹೀಗೆ ಸುಮಾರು ಹನ್ನೆರಡು ವಾರ ಬಿಡದೆ ಮಾಡಬೇಕಾಗುತ್ತದೆ. ಹೆಚ್ಚಿನವರು ಮೂರನೆಯ ವಾರಕ್ಕೇ ಬೇಸತ್ತು, ಔಷಧಿ ಕೆಲಸ ಮಾಡುವುದಿಲ್ಲವೆಂದು ಕೈಬಿಡುತ್ತಾರೆ ಎಂಬುದು ನನ್ನ ಬಲವಾದ ಅನಿಸಿಕೆ. ಇದಕ್ಕೂ ಬಗ್ಗದಿದ್ದರೆ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವ ಚಿಕಿತ್ಸೆಯನ್ನು ವೈದ್ಯರು ಎರಡು ಮೂರು ವಾರಕ್ಕೊಮ್ಮೆ ಮಾಡುತ್ತಾರೆ. ಅದು ನೋಯುತ್ತದೆ, ಬೊಕ್ಕೆಯೂ ಏಳಬಹುದು.

ಸಕ್ಕರೆ ಕಾಯಿಲೆಯಿರುವವರು, ಪಾದಕ್ಕೆ ಸ್ಪರ್ಶ ಅಥವಾ ರಕ್ತಸಂಚಾರ ಕಡಿಮೆಯಿರುವವರು ಇದ್ಯಾವುದನ್ನೂ ಮನೆಯಲ್ಲಿ ತಾವೇ ಮಾಡಿಕೊಳ್ಳಬಾರದು, ಏಕೆಂದರೆ ಆಮ್ಲದಿಂದಾದ ಹುಣ್ಣು ಅವರ ಅರಿವಿಗೆ ಬರುವ ಮೊದಲೇ ಬೆಳೆದುಬಿಡಬಹುದು. ತಾನಾಗಿ ರಕ್ತ ಒಸರುವ, ಬಣ್ಣ ಬದಲಿಸುವ ಅಥವಾ ಕಪ್ಪಾಗಿ ಹರಡುವ ಗಂಟನ್ನು ಯಾರೇ ಆಗಲಿ ತಡಮಾಡದೆ ವೈದ್ಯರಿಗೆ ತೋರಿಸಬೇಕು, ಅಂಗಾಲಿನಲ್ಲಿ ಮೆಲನೋಮಾ ಎಂಬ ಕ್ಯಾನ್ಸರೂ ಬರುವುದುಂಟು.

ನನ್ನ ಮೂರು ಸಣ್ಣ ಗಂಟುಗಳು ಆರು ವಾರಕ್ಕೆ ಹೋದವು, ದೊಡ್ಡದಕ್ಕೆ ಹದಿನಾಲ್ಕು ವಾರ ಹಿಡಿಯಿತು. ನೋವು ನಿಂತ ಮಾತ್ರಕ್ಕೆ ಔಷಧಿ ನಿಲ್ಲಿಸಬೇಡಿ ಎಂದು ವೈದ್ಯರು ಹೇಳಿದ್ದರಿಂದ, ಕಪ್ಪು ಚುಕ್ಕೆಗಳೆಲ್ಲ ಅಳಿದು, ಅಂಗಾಲಿನ ಗೆರೆಗಳು ಆ ಜಾಗದ ಮೇಲೆ ಮತ್ತೆ ಕಡಿಯದೆ ಹಾದುಹೋಗುವುದನ್ನು ಬೆಳಕಿನಲ್ಲಿ ನೋಡಿಕೊಂಡ ಮೇಲೆಯೇ ಹಚ್ಚುವುದನ್ನು ಬಿಟ್ಟೆ.