ಕಾಯರ್ದಶಿರ್ ಯಾರು ಮಾರಾಯ?

ಈ ವಾರವೆಲ್ಲ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. "ಈ ಕಾಯರ್ದಶಿರ್ ಅಂದ್ರೆ ಯಾರು ಮಾರಾಯ? ನಾನಿದ್ದಾಗ ಈ ಹೆಸರಿನವರು ಯಾರೂ ಸಂಘದಲ್ಲಿ ಇರಲಿಲ್ಲವಲ್ಲ."

ಕೇಳಿದವರು ತೀರ್ಥಹಳ್ಳಿ ಕಡೆಯ ಒಂದು ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದು ನಿವೃತ್ತರಾದ ಯಜಮಾನರು. ಅವರ ಕಾಲದ ನಡಾವಳಿ, ಸದಸ್ಯರ ಪಟ್ಟಿ, ವಾರ್ಷಿಕ ವರದಿ ಎಲ್ಲ ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ, ಅದರದೇ ಫಾಂಟಿನಲ್ಲಿ ಟೈಪ್ ಮಾಡಿದ್ದು. ಅದನ್ನು ಎಲ್ಲ ಭಾಷೆಗೂ ಒಂದೇ ಸಂಕೇತಪಟ್ಟಿ ಅನ್ನುವ ಯೂನಿಕೋಡ್‌ಗೆ ತಂದು ವೆಬ್‌ಸೈಟಿಗೆ ಹಾಕುವ ಕೆಲಸ ಶಿವಮೊಗ್ಗದ ನಮ್ಮ ಪುಟ್ಟ ಆಫೀಸಿಗೆ ಬಂದಿತ್ತು. ಕೋಡ್ ಬರೆದವನು ಹೊಸದಾಗಿ ಸೇರಿದ ಹುಡುಗ. ಚುರುಕಾದವನೇ. ಆದರೆ ಸ್ಕ್ರೀನಿನಲ್ಲಿ ಕೆಂಪು ಅಕ್ಷರ ಬರದಿದ್ದರೆ ಲೋಕವೆಲ್ಲ ಸರಿಯಾಗಿದೆ ಅಂತ ನಂಬುವವರ ಪೈಕಿ.

ಮೊದಲು ಅವನು ಅಕ್ಷರದ ಸಂಕೇತ ಬದಲಿಸಲಿಕ್ಕೆ ಪ್ರೋಗ್ರಾಮಿಂಗ್ ಭಾಷೆಯಾದ ಪಿಎಚ್‌ಪಿಯ ಎಂಬಿಸ್ಟ್ರಿಂಗ್ ಎಕ್ಸ್‌ಟೆನ್ಶನ್ ಹಿಡಿದ. ಯುರೋಪಿನ ಅಕ್ಷರಗಳ ಹಳೇ ಸಂಕೇತ ವಿಂಡೋಸ್-1252ರಿಂದ ಯೂನಿಕೋಡನ್ನು ಫೈಲಿನಲ್ಲಿ ಬರೆದಿಡುವ ಯುಟಿಎಫ್-8ಕ್ಕೆ ಅಂತ ಒಂದು ಸಾಲು ಬರೆದು ಓಡಿಸಿದ. "ಕನ್ವರ್ಟ್ ಆಯ್ತು ಸಾರ್, ಒಂದೂ ಎರರ್ ಇಲ್ಲ" ಅಂದ. ಎರರ್ ಎಲ್ಲಿಂದ ಬರಬೇಕು? ಹಳೆಯ ನುಡಿ ಫೈಲಿನೊಳಗೆ ಕನ್ನಡ ಅಕ್ಷರವೇ ಇಲ್ಲ. ಇರುವುದೆಲ್ಲ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ, ಫಾಂಟ್ ಆ ಜಾಗದಲ್ಲಿ ಕನ್ನಡದ ಚೂರುಗಳನ್ನು ತೋರಿಸುತ್ತದೆ ಅಷ್ಟೆ. ಪೌಂಡ್ ಚಿಹ್ನೆಯ ಜಾಗದಲ್ಲಿ ‘ನ’ದ ಮೈ ಇದೆ, ಅರ್ಧ ಅನ್ನುವ ಚಿಹ್ನೆಯ ಜಾಗದಲ್ಲಿ ‘ಳಿ’ ಕೂತಿದೆ. ಎಕ್ಸ್‌ಟೆನ್ಶನ್ ಪೌಂಡನ್ನು ಪೌಂಡಾಗಿಯೇ, ಅರ್ಧವನ್ನು ಅರ್ಧವಾಗಿಯೇ ಒಪ್ಪವಾಗಿ ಯುಟಿಎಫ್-8ಕ್ಕೆ ತಂದು ಕೊಟ್ಟಿತು. ಓದಲಿಕ್ಕೆ ಮಾತ್ರ ಆಗಲ್ಲ. ಅನುಮಾನ ಬಂದು ಅದನ್ನೇ ಮತ್ತೊಮ್ಮೆ ಓಡಿಸಿದನಂತೆ. ಆಗ ಒಂದೊಂದು ಯುರೋಪಿನ ಅಕ್ಷರವೂ ಒಡೆದು ಎರಡಾಯಿತು, ಮತ್ತು ಹಾಗೆ ಒಡೆದಾಗ ಜಾಸ್ತಿ ಬರುವ ಒಂದು ಚೂರು ನುಡಿ ಫಾಂಟಿನಲ್ಲಿ ದೀರ್ಘದ ಗುರುತು. ಪುಟದ ತುಂಬ ಬರೀ ದೀರ್ಘ!

ಎಂಬಿಸ್ಟ್ರಿಂಗಿಗೆ ಗೊತ್ತಿರುವ ಸಂಕೇತಗಳ ಪಟ್ಟಿಯಲ್ಲಿ ಜಪಾನಿನ ಶಿಫ್ಟ್-ಜಿಸ್ ಇದೆ, ರಷ್ಯನ್ನಿನ ಕೆಒಐ8-ಆರ್ ಇದೆ. ಇದೇ ಕೆಲಸ ಮಾಡುವ ಲಿನಕ್ಸಿನ ಐಕಾನ್‌ವ್‌ನಲ್ಲಿ ತಮಿಳಿನ ಟಿಎಸ್‌ಸಿಐಐ ಕೂಡ ಇದೆ. ನುಡಿ ಎರಡರಲ್ಲೂ ಇಲ್ಲ. ಅಂದಮೇಲೆ ಯಾವ ಚೂರಿಗೆ ಯಾವ ಅಕ್ಷರ ಅಂತ ಪಟ್ಟಿ ಮಾಡಿಕೊಂಡು ನಾವೇ ಬದಲಿಸಬೇಕು. ಹುಡುಗ ಅದನ್ನೂ ಮಾಡಿದ, ಚೆನ್ನಾಗಿಯೇ ಮಾಡಿದ. ‘ಕೋ’ ಅನ್ನಲಿಕ್ಕೆ ನುಡಿಗೆ ನಾಲ್ಕು ಚೂರು ಬೇಕು, ಹಾಗಾಗಿ ಉದ್ದದ ಜೋಡಣೆಯನ್ನೇ ಮೊದಲು ಹಿಡಿಯುವ ಫಂಕ್ಷನ್ ಹುಡುಕಿಕೊಂಡಿದ್ದ. ಒತ್ತಕ್ಷರವನ್ನೂ ಸರಿ ಮಾಡಿದ್ದ. ‘ಹಳ್ಳಿ’ ತಗೊಳ್ಳಿ. ನುಡಿಯಲ್ಲಿ ಮೊದಲು ‘ಳಿ’, ಆಮೇಲೆ ಒತ್ತು. ಯೂನಿಕೋಡ್‌ನಲ್ಲಿ ಒತ್ತು ಮುಗಿದ ಮೇಲೆ ಗುಡಿಸು. ಅದಲು ಬದಲು ಮಾಡದಿದ್ದರೆ ಚುಕ್ಕಿ ಚುಕ್ಕಿ ಸೊನ್ನೆ ಬಂದು ಕಣ್ಣಿಗೆ ಹೊಡೆಯುತ್ತದೆ. ಹಾಗೆ ಹೊಡೆದದ್ದಕ್ಕೇ ಅವನು ಸರಿ ಮಾಡಿದ್ದು.

ಅರ್ಕಾವತ್ತು ಹಾಗೆ ಹೊಡೆಯುವುದಿಲ್ಲ. ನಾವು ಕೈಯಲ್ಲಿ ಬರೆಯುವ ಹಾಗೆ ನುಡಿಯಲ್ಲೂ ಅದು ಅಕ್ಷರದ ಬಲಕ್ಕೆ ಬರುತ್ತದೆ. ಯೂನಿಕೋಡ್‌ನಲ್ಲಿ ‘ರ್’ ಎಡಕ್ಕೆ ಹೋಗಬೇಕು, ಅದೂ ಆ ಅಕ್ಷರದ ಒತ್ತು, ಸ್ವರಚಿಹ್ನೆ ಎಲ್ಲವನ್ನೂ ದಾಟಿ. ಇದ್ದಲ್ಲೇ ಬಿಟ್ಟರೆ ಎರರ್ ಇಲ್ಲ, ಸೊನ್ನೆಯೂ ಇಲ್ಲ. ಸುಮ್ನೆ ಒಂದಕ್ಷರ ಆಚೆ ಜರುಗಿ ಕೂರುತ್ತದೆ. ತೀರ್ಥಹಳ್ಳಿ ಹೋಗಿ ತೀಥರ್ಹಳ್ಳಿ ಆಗುತ್ತದೆ, ಕಾರ್ಯದರ್ಶಿ ಹೋಗಿ ಕಾಯರ್ದಶಿರ್ ಆಗುತ್ತದೆ. ದೂರದಿಂದ ನೋಡಿದರೆ ಪಕ್ಕಾ ಕನ್ನಡ.

ಯಜಮಾನರು ಕನ್ನಡಕ ಏರಿಸಿಕೊಂಡು, ಸ್ಕ್ರೀನಿಗೆ ಮೂಗು ತಾಗುವಷ್ಟು ಬಗ್ಗಿ, ಜೋರಾಗಿ ಓದಿದರು. ಅವರು ಓದುವುದೇ ಹಾಗೆ, ಮಹಾಸಭೆಯಲ್ಲಿ ಓದಿ ಓದಿ ಅಭ್ಯಾಸ. ಓದಿದವರು ನಗಲಿಲ್ಲ. ಮುಖ ಗಂಭೀರವಾಗಿಟ್ಟುಕೊಂಡೇ ಆ ಪ್ರಶ್ನೆ ಕೇಳಿದರು. ಹುಡುಗ ಪಾಪ, "ಯಾವುದೋ ಹಳೇ ಸದಸ್ಯರಿರಬೇಕು ಸಾರ್" ಅಂದುಬಿಟ್ಟ. ಅವರದೇ ಸಹಿಯ ಕೆಳಗಿನ ಹುದ್ದೆ ಅದು! ನನಗೆ ನಗು ತಡೆಯಲಾಗದೆ ಹೊರಗೆ ಹೋದೆ. ಈಗಲೂ ಅಡಿಗೆಮನೆಯಲ್ಲಿ ಕಾಫಿ ಸೋಸುವಾಗ ನೆನಪಾಗಿ ಒಬ್ಬನೇ ನಗುತ್ತೇನೆ, ಮನೆಯವರು ವಿಚಿತ್ರವಾಗಿ ನೋಡುತ್ತಾರೆ.

ನಗು ಇಳಿದ ಮೇಲೆ ಹುಡುಗನ ಉತ್ತರವೇ ಚುಚ್ಚತೊಡಗಿತು. ಅವನೂ ಕನ್ನಡದವನೇ, ಆದರೆ ಅದನ್ನು ಓದಿರಲಿಲ್ಲ, ನೋಡಿದ್ದ. ‘ಕನಾರ್ಟಕ’ ಅಂತ ನೀವೂ ಎಲ್ಲಾದರೂ ಕಂಡಿರುತ್ತೀರಿ, ಅಲ್ವಾ? ಅದೂ ಇದೇ ಅರ್ಕಾವತ್ತಿನ ಕತೆ. ಕರ್ನಾಟಕ ಅಂತ ಹುಡುಕಿದವರಿಗೆ ಆ ಪುಟ ಸಿಗುವುದೇ ಇಲ್ಲ. ಹಾಕಿದವರಿಗೆ ಗೊತ್ತಾಗಿಲ್ಲ, ಏಕೆಂದರೆ ಯಂತ್ರ ತಕರಾರು ಮಾಡಿಲ್ಲ. ನಾಳೆ ಯಾರದ್ದೋ ಅಜ್ಜನ ಹೆಸರು ನಡಾವಳಿಯಲ್ಲಿ ಹೀಗೇ ಜರುಗಿ ಕೂತರೆ ಮೊಮ್ಮಗ ಎಷ್ಟು ಹುಡುಕಿದರೂ ಅಜ್ಜ ಸಿಗುವುದಿಲ್ಲ.

ಇದಕ್ಕೆ ನುಡಿಯನ್ನು ಬೈಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಬೆಂಗಳೂರಿನಿಂದ ಬಂದ ಗೆಳೆಯನೊಬ್ಬ "ಇನ್ನೂ ನುಡಿನಾ?" ಅಂತ ಮೂಗು ಮುರಿದ. 1991ರ ಮೊದಲ ಆವೃತ್ತಿಯಲ್ಲೇ ಯೂನಿಕೋಡ್‌ನಲ್ಲಿ ಕನ್ನಡ ಇತ್ತು, ಸರಿ. ಆದರೆ ಅದನ್ನು ಒತ್ತು, ಗುಣಿತ ಸಮೇತ ತೋರಿಸುವ ತುಂಗಾ ಫಾಂಟ್ ವಿಂಡೋಸ್ ಜೊತೆ ಬಂದದ್ದು 2001ರಲ್ಲಿ, ಎಕ್ಸ್‌ಪಿ ಬಂದಾಗ. ಹಳ್ಳಿಯ ಸಂಘದ ಹಳೇ ಕಂಪ್ಯೂಟರಿಗೆ ಅದು ಮುಟ್ಟುವುದಕ್ಕೆ ಇನ್ನೆಷ್ಟು ಕಾಲವೋ. ಕನ್ನಡ ಗಣಕ ಪರಿಷತ್ತಿನವರು ನುಡಿ ಮಾಡಿಕೊಡದಿದ್ದರೆ ಈ ಯಜಮಾನರು ನಡಾವಳಿಯನ್ನು ಯಾವುದರಲ್ಲಿ ಟೈಪ್ ಮಾಡಬೇಕಿತ್ತು?

ಹುಡುಗ ಅರ್ಕಾವತ್ತನ್ನು ಸರಿ ಮಾಡಿದ. ಯಜಮಾನರು ಮತ್ತೆ ಬಂದು ಒಂದೊಂದೇ ಪುಟ ಜೋರಾಗಿ ಓದಿದರು. ಈ ಸಲ ಅವನೂ ಪಕ್ಕದಲ್ಲಿ ಕೂತು ಹಳೆಯ ಪ್ರಿಂಟ್ ಹಿಡಿದು ತಾಳೆ ನೋಡಿದ. ಎಲ್ಲ ಮುಗಿಯಿತು ಅನ್ನುವಾಗ ಸಂಘದ ಈಗಿನ ಕಾರ್ಯದರ್ಶಿಯ ಫೋನ್ ಬಂತು. ಇದೇ ವರದಿಗಳನ್ನು ಸೇರಿಸಿ ಒಂದು ಪುಸ್ತಕ ಮಾಡಿಸುತ್ತಾರಂತೆ. ಪ್ರೆಸ್ಸಿನವರ ಹತ್ತಿರ ಇರುವುದು ಪುಟ ಜೋಡಿಸುವ ಹಳೇ ಪೇಜ್‌ಮೇಕರ್, ಅದಕ್ಕೆ ಯೂನಿಕೋಡ್ ಆಗುವುದಿಲ್ಲ. "ಹೆಂಗೂ ಕನ್ವರ್ಟ್ ಮಾಡೋದು ನಿಮಗೆ ಗೊತ್ತಲ್ಲ ಸಾರ್, ನುಡಿಗೆ ಮಾಡಿ ಕಳಿಸಿಬಿಡಿ" ಅಂದರು.

ಹಳೇ ಫೈಲುಗಳಿರುವ ಪೆನ್‌ಡ್ರೈವ್ ಅವರ ಮೇಜಿನ ಡ್ರಾಯರಿನಲ್ಲೇ ಇದೆ ಅಂತ ಹೇಳಿ ಫೋನ್ ಇಟ್ಟೆ.