ಜನವರಿಯಲ್ಲಿ ಹಕ್ಕಿಯ ಬಾಲ ನೋಡಿ

ಚಳಿಗಾಲದ ಹಕ್ಕಿ ಅಂದ ಕೂಡಲೇ ಎಲ್ಲರೂ ದೊಡ್ಡ ಲೆನ್ಸ್ ಹೊತ್ತುಕೊಂಡು ಕೆರೆ ಕಡೆ ಹೊರಡುತ್ತಾರೆ. ಹೋಗಲಿ ಬಿಡಿ. ನನ್ನ ಕಣ್ಣು ಮಾತ್ರ ಕಾಲುವೆ ಬದಿ, ಬೇಲಿ ಸಾಲಿನ ಪುಟ್ಟ ಅತಿಥಿಗಳ ಮೇಲೆ. ಈಗ ಇವುಗಳಲ್ಲಿ ಹಲವಕ್ಕೆ ಬಣ್ಣ ಮಾಸಲು. ಬಣ್ಣ ನಂಬಿ ಕೂತರೆ ಸತಾಯಿಸುತ್ತವೆ. ಅದಕ್ಕೇ ನಾನು ಮೊದಲು ಬಾಲ ನೋಡುತ್ತೇನೆ.

ಬೂದು ಸಿಪಿಲೆಯಿಂದ ಶುರು ಮಾಡಿ. ಕುಂಡೆಕುಸ್ಕ ಅಂತಾರಲ್ಲ, ಅದೇ ಗುಂಪಿನದು. ಹರಿಯುವ ನೀರಿನ ಅಂಚಿನಲ್ಲಿ ಸಿಗುತ್ತದೆ. ಗುಬ್ಬಿಯ ಹಾಗೆ ಕುಪ್ಪಳಿಸುವುದಿಲ್ಲ, ಟಕಟಕ ನಡೆಯುತ್ತದೆ. ನಾಲ್ಕು ಹೆಜ್ಜೆ ಇಟ್ಟು ನಿಲ್ಲುತ್ತದೆ. ನಿಂತರೂ ಉದ್ದ ಬಾಲ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಒಂದು ಹುಳ ಹಾರಿತೋ, ತಾನೂ ಛಂಗನೆ ನೆಗೆದು ಗಾಳಿಯಲ್ಲೇ ಹಿಡಿದು ಅದೇ ಕಲ್ಲಿಗೆ ವಾಪಸ್. ಬೆನ್ನು ಬೂದು, ಗಂಟಲು ಬಿಳಿ, ಬಾಲದ ಬುಡದ ಕೆಳಗೆ ಮಾತ್ರ ಗಾಢ ಹಳದಿ. ಹಿಮಾಲಯದಲ್ಲೂ ಅದರಾಚೆಯ ಉತ್ತರದ ನಾಡುಗಳಲ್ಲೂ ಮರಿ ಮಾಡುವ ಹಕ್ಕಿ ಇದು. ಚಳಿಗಾಲಕ್ಕೆ ಇಳಿದು ಬಂದಾಗ ಒಂದು ಜಾಗ ಹಿಡಿದರೆ ಅಲ್ಲೇ ಠಿಕಾಣಿ. ಇನ್ನೊಂದು ಬಂದರೆ ಓಡಿಸುತ್ತದೆ. ಹಾಗಾಗಿ ಇವತ್ತು ಕಂಡ ಕಡೆ ನಾಳೆಯೂ ಹುಡುಕಿ, ಸಿಗುವ ಸಾಧ್ಯತೆ ಜಾಸ್ತಿ.

ಅದೇ ನೀರಿನ ಬದಿ ಗದ್ದೆಗೊರವವೂ ಇರಬಹುದು. ಅದು ಬರೀ ಬಾಲ ಆಡಿಸುವುದಿಲ್ಲ, ಹಿಂಭಾಗವನ್ನೇ ಇಡಿಯಾಗಿ ಕುಣಿಸುತ್ತದೆ. ಎದೆಯ ಬಿಳಿ ಭುಜದ ಮುಂದೆ ಮೇಲಕ್ಕೆ ನುಗ್ಗಿರುತ್ತದೆ, ನೋಡಿಕೊಳ್ಳಿ.

ಮರದ ನೆರಳಲ್ಲಿ ಬಾಲ ಸಟ್ಟನೆ ಮೇಲೆತ್ತುವ ಗುಬ್ಬಿಗಿಂತ ಚಿಕ್ಕ ಹಕ್ಕಿ ಕಂಡರೆ ಅದು ಕೆಂಪೆದೆ ನೊಣಹಿಡುಕ ಇರಬಹುದು. ಕಪ್ಪು ಬಾಲದ ಬುಡದಲ್ಲಿ ಎರಡೂ ಕಡೆ ಬಿಳಿ ಪಟ್ಟೆ. ಹೆಸರಿನಲ್ಲಿ ಕೆಂಪೆದೆ ಇದ್ದರೂ ಹೆಣ್ಣಿಗೆ ಆ ಕೆಂಪು ಇರುವುದೇ ಇಲ್ಲ! ಕಲ್ಲು ಗೋಡೆ ಮೇಲೆ ಬಾಗಿ ಬಾಗಿ, ಇಟ್ಟಿಗೆ ಬಣ್ಣದ ಬಾಲವನ್ನು ಗಡಗಡ ನಡುಗಿಸುವುದು ಬ್ಲ್ಯಾಕ್ ರೆಡ್‌ಸ್ಟಾರ್ಟ್. ಚಳಿಗೆ ನಡುಗುತ್ತಿಲ್ಲ ಮತ್ತೆ, ಅದರ ಅಭ್ಯಾಸವೇ ಹಾಗೆ.

ದುರ್ಬೀನು ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಬಿಸಿಲು ಏರುವ ಹೊತ್ತಿಗೆ, ಹುಳುಗಳು ಎದ್ದ ಮೇಲೆ, ಸುಮ್ನೆ ಒಂದು ಕಡೆ ಕೂತುಬಿಡಿ.

ಸಿಪಿಲೆಯ ಮೇಲೆ ಫೆಬ್ರವರಿ, ಮಾರ್ಚ್‌ವರೆಗೂ ಒಂದು ಕಣ್ಣಿಟ್ಟಿರಿ. ಹೊರಡುವ ಮುಂಚೆ ಕೆಲವು ಗಂಡುಗಳ ಬಿಳಿ ಗಂಟಲಲ್ಲಿ ಕಪ್ಪು ಗರಿ ಮೂಡಲು ಶುರುವಾಗುತ್ತದೆ. ಗಂಡು ಯಾವುದು ಅಂತ ಆಗ ಸಲೀಸಾಗಿ ಹೇಳಬಹುದು.