ಹೈಸ್ಕೂಲೇ ಯಾಕೆ? ಎಂಟನೇ ತರಗತಿಯ ನೋಟ್‌ಬುಕ್ ನೋಡಿ ಹೇಳಿ

ಗಣಿತ ಶಿಕ್ಷಕರಾಗಲು ಬಿ.ಇಡಿ.ಗೆ ಹೊರಟವರನ್ನು ಕಲಿಸಲು ಹೈಸ್ಕೂಲೇ ಯಾಕೆ ಎಂದು ಕೇಳಿದರೆ "ಗಣಿತ ಅಂದ್ರ ಇಷ್ಟರೀ" ಎನ್ನುತ್ತಾರೆ. ನೌಕರಿ ಗಟ್ಟಿ ಅನ್ನುವ ಕಾರಣವೂ ಇರುತ್ತದೆ, ಅದರಲ್ಲಿ ತಪ್ಪಿಲ್ಲ. ಆದರೆ ಎಂಟನೇ ತರಗತಿಯ ಮಗು −3−5 = +8 ಎಂದು ಬರೆದಾಗ, ಯಾಕೆ ಹಾಗೆ ಬರೆಯಿತು ಎಂದು ಹುಡುಕುವ ಹಟ ಇದ್ದವರಿಗೇ ಈ ಕೆಲಸ ಒಗ್ಗುತ್ತದೆ.

"ಮೈನಸ್ ಮೈನಸ್ ಪ್ಲಸ್" ಗುಣಾಕಾರದ ನಿಯಮ. ಮಗು ಅದನ್ನು ಬಾಯಿಪಾಠ ಮಾಡಿ ಕೂಡಿಸುವಲ್ಲೂ ಹಚ್ಚುತ್ತದೆ. ನಿಯಮವನ್ನೇ ಇನ್ನೊಮ್ಮೆ ಹೇಳಿದರೆ ಗೊಂದಲ ಗಟ್ಟಿಯಾಗುತ್ತದೆ. ಅದರ ಬದಲು ಕಿರಾಣಿ ಅಂಗಡಿಯ ಉದ್ರಿ ಕೇಳಿ: ನಿನ್ನೆ ಮೂರು ರೂಪಾಯಿ, ಇವತ್ತು ಐದು, ಒಟ್ಟು ಬಾಕಿ ಎಷ್ಟು? ಎಂಟು. ಆ ಬಾಕಿಯೇ −8. ಆಮೇಲೆ ಸಂಖ್ಯಾರೇಖೆಯಲ್ಲಿ −3ರಿಂದ ಎಡಕ್ಕೆ ಐದು ಹೆಜ್ಜೆ ಇಡಿಸಿ. ಅವತ್ತು ಗುಣಾಕಾರ ಬೆರೆಸಬೇಡಿ. ಎರಡು ದಿನ ಬಿಟ್ಟು (−3)×(−5) ಮತ್ತು −3−5 ಎರಡನ್ನೂ ಪಕ್ಕಪಕ್ಕ ಬರೆಸಿ, ಬಾಯಿಬಿಟ್ಟು ವ್ಯತ್ಯಾಸ ಹೇಳಿಸಿ. ಇದನ್ನು ಹಾಗೇ ಬಿಟ್ಟರೆ ಹತ್ತರಲ್ಲಿ ವರ್ಗಸಮೀಕರಣದ ಸೂತ್ರ ಸರಿ ಬರೆದ ಮಗುವೂ ಶೋಧಕದ (b²−4ac) ಬೆಲೆಯಲ್ಲಿ ಎಡವುತ್ತದೆ. ಆಗ ಮಾರ್ಚ್‌ನಲ್ಲಿ ಎಷ್ಟು ಪ್ರಶ್ನೆಪತ್ರಿಕೆ ಬಿಡಿಸಿದರೂ ಪ್ರಯೋಜನ ಕಡಿಮೆ.

ಹೈಸ್ಕೂಲು ಆರಿಸಿಕೊಳ್ಳಲು ನನಗೆ ದೊಡ್ಡದಾಗಿ ಕಾಣುವ ಕಾರಣ ಇದೇ: ಎಂಟು, ಒಂಬತ್ತು, ಹತ್ತು, ಮೂರು ವರ್ಷ ಅದೇ ಮಗುವಿನ ತಪ್ಪಿನ ಬೆನ್ನು ಹತ್ತಬಹುದು. ಪಿಯುಸಿಯಲ್ಲಿ ಸಿಗುವುದು ಎರಡೇ ವರ್ಷ.

ಅಥಣಿ, ಜಮಖಂಡಿ, ಮುಧೋಳದ ಕಡೆ ಕಬ್ಬಿನ ಕಟಾವು ಶುರುವಾದರೆ ಕೆಲವು ಮಕ್ಕಳ ಹಾಜರಿ ಬೀಳುತ್ತದೆ. ಅಡಿಪಾಯದ ಪಾಠಗಳನ್ನು ದಸರಾ ರಜೆಯೊಳಗೆ ಮುಗಿಸಿ. ಗೈರುಹಾಜರಿ ಎಂದಷ್ಟೇ ಬರೆದಿಟ್ಟರೆ ಸಾಲದು, ಯಾವ ಪಾಠ ತಪ್ಪಿತು ಎಂದೂ ಹೆಸರಿನ ಮುಂದೆ ಗುರುತು ಹಾಕಿ. ಮಗು ತಿರುಗಿ ಬಂದ ದಿನ ಎಲ್ಲಿಂದ ಹಿಡಿಯಬೇಕು ಅನ್ನುವುದು ಅದರಿಂದಲೇ ತಿಳಿಯುತ್ತದೆ.

ಎರಡು ವರ್ಷದ ಬಿ.ಇಡಿ.ಯಲ್ಲಿ 20 ವಾರ ಶಾಲೆಗೇ ಹೋಗಿ ಕಲಿಯುವ ಅವಧಿ ಇರುತ್ತದೆ. ಪಾಠಯೋಜನೆಯ ಕಡತ ತುಂಬುವುದರಲ್ಲೇ ಅದನ್ನು ಕಳೆಯಬೇಡಿ. ಎಂಟನೇ ತರಗತಿ ಕೇಳಿ ಪಡೆಯಿರಿ. ನಲವತ್ತು ನೋಟ್‌ಬುಕ್ ತಂದು ಅಂಕ ಹಾಕದೆ ಮೂರು ಗುಂಪು ಮಾಡಿ: ಚಿಹ್ನೆಯಲ್ಲಿ ತಪ್ಪಿದವು, ಮಗ್ಗಿಯಲ್ಲಿ ತಪ್ಪಿದವು, ಪ್ರಶ್ನೆಯನ್ನೇ ಓದಲಾಗದವು. ಮೂರನೆಯ ಗುಂಪಿಗೆ ಮೊದಲು ಬೇಕಾದದ್ದು ಕನ್ನಡ ಓದು, ಗಣಿತ ಆಮೇಲೆ. ಆ ಮಕ್ಕಳಿಗೆ ನಾಳೆ ಏನು ಓದಿಸಲಿ ಎಂದು ರಾತ್ರಿ ತಲೆಯಲ್ಲಿ ಓಡತೊಡಗಿದರೆ, ಹೈಸ್ಕೂಲು ಶಿಕ್ಷಕರ ಹುದ್ದೆಗೆ ಅರ್ಜಿ ಹಾಕಿ.